ಮೈಸೂರು ರಾಜ್ಯದ ಬೋರ್ಡು

ನನ್ನ ವ್ಯಾನಿಗೂ ನನ್ನ ಹೆಂಡತಿ ಸೂಗಮ್ಮನಿಗೂ ಮನೆ ಬಿಟ್ಟು ಮೂರು ಮೈಲಿ ಹೋಗುವಷ್ಟರಲ್ಲಿ ಕುದಿ ಬರುತ್ತಿತ್ತು. (ಈ ಮಾತನ್ನು ಅವಳ ಮುಂದೆ ಆಡುವ ಧೈರ್ಯವಿದ್ದಿದ್ದರೆ ನಿಮ್ಮ ಮುಂದೆ ಯಾಕೆ ಆಡುತ್ತಿದ್ದೆ?)

ವ್ಯಾನು ಹಳೆಯದು, ನಿಜ. ನಿಜಾಮರ ಕಾಲದಿಂದ ಯಾದಗಿರಿಯ ಹತ್ತಿ ವ್ಯಾಪಾರಿಯೊಬ್ಬ ಓಡಿಸಿ ಓಡಿಸಿ ಬೇಸತ್ತು ನನಗೆ ದಾಟಿಸಿದ್ದ. ಆದರೂ ಶಹಾಪುರದ ನನ್ನ ಕಿರಾಣಿ ಅಂಗಡಿಗೆ ಎರಡು ವರ್ಷ ತಂಟೆಯಿಲ್ಲದೆ ದುಡಿಯಿತು. ಹೋದ ನವೆಂಬರಿನಲ್ಲಿ ನಮ್ಮ ಸೀಮೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆ ಸಂಭ್ರಮಕ್ಕೆ ಪೇಂಟರ್ ಬಾಷುಮಿಯಾನಿಂದ ಭಾರೀ ತಗಡಿನ ಬೋರ್ಡು ಬರೆಸಿದೆ. ಹಳೆಯ ಉರ್ದು ಬೋರ್ಡು ವ್ಯಾನಿನ ಬಾಗಿಲ ಮೇಲೆ ಚೋಟುದ್ದ ಇತ್ತು. ನನ್ನದು ವ್ಯಾನಿನ ಮೂತಿಯಷ್ಟಗಲ, ಎದುರಿಗೆ ಬಂದವರು ಓದಿಯೇ ಮುಂದೆ ಹೋಗಬೇಕು: ‘ಶ್ರೀ ಮೌನೇಶ್ವರ ಪ್ರಸನ್ನ. ನೀಲಕಂಠ, ಕಿರಾಣಿ ವರ್ತಕರು, ಶಹಾಪುರ, ಮೈಸೂರು ರಾಜ್ಯ.’ ತಿಂಥಣಿಯ ಮೌನೇಶ್ವರನ ಗುಡಿಗೆ ಒಯ್ದು ಪೂಜೆಯನ್ನೂ ಮಾಡಿಸಿದೆ. ಅದೇ ವಾರ ವ್ಯಾನಿಗೆ ಈ ಜ್ವರ ಹತ್ತಿತು. ನೀರು ಬದಲಿಸಿದೆ, ಎಣ್ಣೆ ಬದಲಿಸಿದೆ, ಫ್ಯಾನಿನ ಬೆಲ್ಟು ಹೊಸದು ಹಾಕಿಸಿದೆ. ಜ್ವರ ಇಳಿಯಲೊಲ್ಲದು.

ಅಂಥದರಲ್ಲಿ ಸುರಪುರದಲ್ಲಿ ನನ್ನ ಭಾವಮೈದುನ ಅಮರಪ್ಪನ ನಿಶ್ಚಯ ಬಂತು. ಹುಡುಗಿಗೆ ಉಡಿ ತುಂಬುವ ಸೀರೆ, ಸಕ್ಕರೆ, ಎಲೆ ಅಡಿಕೆ ಎಲ್ಲ ನಮ್ಮ ಬಳಿ. ಹನ್ನೆರಡರೊಳಗೆ ಉಡಿ ತುಂಬದಿದ್ದರೆ ಅವಳನ್ನು ಸೊಸೆ ಮಾಡಿಕೊಳ್ಳಲು ಆ ಹುಡುಗಿಯ ಸೋದರಮಾವ ತನ್ನ ಮಗನಿಗೆ ಸ್ನಾನ ಮಾಡಿಸಿ ಕೂಡಿಸಿಕೊಂಡು ಕಾದಿದ್ದ. ಸೂಗಮ್ಮ ಬಸ್ಸಿಗೆ ಹೋಗೋಣ ಅಂದಳು. ಸುರಪುರದವರು ಬೋರ್ಡು ನೋಡಬೇಡವೇ? ಅತ್ತೆಯನ್ನೂ ಅಮರಪ್ಪನನ್ನೂ ಹತ್ತಿಸಿಕೊಂಡು ವ್ಯಾನನ್ನೇ ಹೊರಡಿಸಿದೆ.

ನಡುದಾರಿಯಲ್ಲಿ ಅದು ಮೂರನೆಯ ಸಲ ಉಗಿಯುಗುಳಿ ನಿಂತಿತು. ನೆರಳಿಗೊಂದು ಗಿಡವಿಲ್ಲ. ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡೆ. ಅಮರಪ್ಪ ಹೊಸ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನನಗೂ ಅಳು ಬಂದಿತ್ತು, ಆದರೆ ರುಮಾಲಿರಲಿಲ್ಲ.

“ಅಳಿಯಾರ, ಅವರು ಆ ಹುಡುಗಗ ಕೊಟ್ಟಬಿಡ್ತಾರ್ರಿ!” ಅತ್ತೆ ಬಸ್ಸಮ್ಮ ಒಳಗಿನಿಂದ ಕೂಗಿದರು.

“ಶೋಧನಾ ನಡದದ, ಗದ್ಲ ಮಾಡಬ್ಯಾಡ್ರಿ,” ಎಂದೆ. “ಸೂಗಮ್ಮ, ಕೊಡದಾಗ ನೀರು?”

“ಮೂರೂ ಕೊಡ ಅದಾ ಕುಡದದ.”

“ಹಂಗಾರ ಮಜ್ಜಿಗಿ ತಂಬಿಗಿ ತಾ. ಅದನ್ನರ ಹಾಕಿ ನೋಡ್ತೀನಿ.”

“ಹಾಕ್ರಿ, ಹಾಕ್ರಿ! ಮ್ಯಾಲೊಂದೀಟು ಒಗ್ಗರಣಿನೂ ಕೊಡ್ರಿ!” ಎನ್ನುತ್ತ ಸೂಗಮ್ಮ ಕೆಳಗಿಳಿದು ವ್ಯಾನಿನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು. “ಇದು ತಣ್ಣಗ ಆಗೂದು ಹ್ಯಾಂಗ್ರಿ?”

ಅಜ್ಞಾನಿಗೆ ವಿದ್ಯಾದಾನ ಮಾಡುವ ಗತ್ತಿನಲ್ಲಿ ಹೇಳಿದೆ: “ವ್ಯಾನ್ ಓಡೂಮುಂದ ಮುಂದಿನ ಜಾಳಗಿಯಿಂದ ಗಾಳಿ ಒಳಗ ಹೋಗ್ತದ. ಆ ಗಾಳಿಗೆ ನೀರು ಆರ್ತದ.”

“ಜಾಳಗಿ ಎಲ್ಲದ?”

“ಇಲ್ಲೇ, ಬೋರ್ಡಿನ ಹಿಂದ...”

ಸೂಗಮ್ಮ ಬೋರ್ಡಿಗೆ ಬೆರಳಿನಿಂದ ಟಣ್ ಎಂದು ಬಡಿದಳು.

“ಮಾರಿಗೆ ತಗಡು ಬಡದು, ಉಸುರು ಆಡವಲ್ದು ಅಂತ ನೀರು ಕುಡಸಾಕತ್ತೀರಿ!”

“ಪೂಜಿ ಮಾಡಿಸಿದ್ದದ, ತೆಗೀಬಾರದು...”

“ಬಾಯಿ ಮುಚ್ಚು ಅಂತ ಮೌನೇಶ್ವರ ನಿಮಗ ಹೇಳ್ಯಾನ, ವ್ಯಾನಿಗಲ್ಲ.” ಇಕ್ಕಳ ತೆಗೆದುಕೊಂಡು ಬೋರ್ಡು ಬಿಗಿದಿದ್ದ ತಂತಿಗಳನ್ನು ಅವಳೇ ಕತ್ತರಿಸಿದಳು. ಮೈಸೂರು ರಾಜ್ಯ ಧಡ್ ಎಂದು ನನ್ನ ಕಾಲ ಮೇಲೆ ಬಿತ್ತು.

ವ್ಯಾನು ಆರುವವರೆಗೆ ಕಾದು, ಹನ್ನೆರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಸುರಪುರ ಮುಟ್ಟಿದೆವು. ಮತ್ತೊಮ್ಮೆ ಕುದಿಯಲಿಲ್ಲ ಆ ದ್ರೋಹಿ. ಉಡಿ ತುಂಬಿದರು, ಸೋದರಮಾವ ಮಗನನ್ನು ಎಬ್ಬಿಸಿಕೊಂಡು ಹೋದ. ಹುಡುಗಿಯ ಅಜ್ಜ ವ್ಯಾನಿನ ಸುತ್ತ ತಿರುಗಿ, “ಯಾರದ್ರಿ ಇದು?” ಎಂದು ಕೇಳಿದರು. ಹೆಸರು ಹೇಳಲು ನಾನು ಕುಂಟುತ್ತ ಮುಂದೆ ಬರುವಷ್ಟರಲ್ಲಿ ಅತ್ತೆ, “ನಮ್ಮ ಸೂಗಮ್ಮಂದು!” ಎಂದುಬಿಟ್ಟರು. ಅಂದಿನಿಂದ ಸುರಪುರದಲ್ಲಿ ಅದು ಸೂಗಮ್ಮನ ವ್ಯಾನು.

ಬೋರ್ಡು ಈಗ ನಮ್ಮ ಬಚ್ಚಲಲ್ಲಿದೆ. ಗಾಳಿ ಹೊಗದಂತೆ ಹಂಡೆಯ ಒಲೆಗೆ ಸೂಗಮ್ಮ ಅದನ್ನು ತಲೆಕೆಳಗಾಗಿ ಆನಿಸಿದ್ದಾಳೆ. ದಿನಾ ಬೆಳಿಗ್ಗೆ ನನ್ನ ಹೆಸರನ್ನು ನಾನೇ ಕತ್ತು ಓರೆ ಮಾಡಿ ಓದುತ್ತ ಕೂರುತ್ತೇನೆ. ನೀರು ಮಾತ್ರ ಬಹಳ ಬೇಗ ಕಾಯುತ್ತದೆ.