ಮಾವನ ಕ್ರೇನಿಗೆ ಒಂಬತ್ತು ಬೋಲ್ಟು

ಬೇರೆಯವರ ಮಾವಂದಿರು ಸೊಸೆಗೆ ಬಂಗಾರ ಬಿಟ್ಟು ಹೋಗುತ್ತಾರೆ. ಇಂದೂಳ ಮಾವ ಬಿಟ್ಟುಹೋದದ್ದು ಮೈತುಂಬ ತೂತಿರುವ ತಗಡಿನ ಪಟ್ಟಿಗಳ ಒಂದು ಡಬ್ಬಿ.

ಅವರು ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಗ ಮಾಂತು ಸಣ್ಣವನಿದ್ದಾಗ ಅವನಿಗೆಂದೇ ತಂದ ಜೋಡಿಸುವ ಆಟಿಕೆ ಅದು (ಅವನಿಗೆ ಮುಟ್ಟಲು ಕೊಟ್ಟದ್ದು ಕಡಿಮೆ). ಹಸಿರು ಪಟ್ಟಿ, ಕೆಂಪು ಗಾಲಿ, ಹಿತ್ತಾಳೆ ಬೋಲ್ಟು. ಮೊಮ್ಮಗಳು ಭಾಗ್ಯಾ ಪ್ಲಾಸ್ಟಿಕ್ ಸೆಟ್ ಬೇಡಿದಾಗಲೆಲ್ಲ ಅವರ ಪ್ರವಚನ ಶುರು:

"ಈಗಿನ ಡಬ್ಬ್ಯಾಗ ರಾಕೆಟ್ ಅಂದ್ರ ಬರೇ ರಾಕೆಟ್, ಕಿಲ್ಲೆ ಅಂದ್ರ ಬರೇ ಕಿಲ್ಲೆ. ನಮ್ಮ ಡಬ್ಬಿ ನೋಡವಾ, ಇವತ್ತ ಸೇತುವೆ, ನಾಳೆ ಗಾಳಿಗಿರಣಿ, ನಾಡದ ರೈಲು!"

ಆದರೆ ಡಬ್ಬಿಯ ಜೊತೆ ಬಂದ ಪುಸ್ತಕದ ಕೊನೆಯ ಪುಟದ ಕ್ರೇನ್ ಮಾತ್ರ ಎಂದೂ ಮುಗಿಯಲಿಲ್ಲ.

"ಬೋಲ್ಟ್ ಎಲ್ಲಿ ಹೋದ್ವರಿ ಮಾವಾರ?"

"ಎಲ್ಲೋ ಉಳ್ಳಿ ಹೋಗಿರಬೇಕವಾ."

"ಹಂಗಾರ ಡಬ್ಬೀನ ರದ್ದಿಯವಗ ಹಾಕ್ರಿ!" ಎಂದಿದ್ದಳು ಇಂದೂ, ದೀಪಾವಳಿಯ ಸ್ವಚ್ಛತೆಯ ಆವೇಶದಲ್ಲಿ. ಅವರು ಡಬ್ಬಿಯನ್ನು ಮಂಚದ ಕೆಳಗೆ ಸರಿಸಿದ್ದರು. ಸಂಕ್ರಾಂತಿಗೆ ಅವರೇ ಇರಲಿಲ್ಲ.

ಆ ಮಾತು ಚುಚ್ಚಿ ಚುಚ್ಚಿಯೇ, ಅವರ ಹುಟ್ಟುಹಬ್ಬಕ್ಕೆ ಕ್ರೇನ್ ಮುಗಿಸಿ ಫೋಟೋದ ಮುಂದಿಡುವೆನೆಂದು ಇಂದೂ ಭೀಷ್ಮಪ್ರತಿಜ್ಞೆ ಮಾಡಿದಳು. ಮೂರು ಭಾನುವಾರಗಳ ಘೋರ ತಪಸ್ಸಿನ ನಂತರ ಉಳಿದದ್ದು ಕ್ರೇನಿನ ತೋಳು. ಬೇಕಾದದ್ದು ಒಂಬತ್ತು ಬೋಲ್ಟು.

"ನೀವ ಸಣ್ಣಾವ್ರಿದ್ದಾಗ ನುಂಗಿರಬೇಕ್ರಿ," ಎಂದಳು ಗಂಡ ಮಾಂತುವಿಗೆ.

"ಒಂಬತ್ತೂ?"

ಅಷ್ಟರಲ್ಲಿ ಅಡುಗೆಮನೆಯಿಂದ ಭಾಗ್ಯಾ, "ಅವ್ವಾ, ಬಾಣಲಿ ಮುಚ್ಚಳದಾಗ ಒಂದ ಅದ!" ಎಂದಳು.

ಇತ್ತು. ಕಪಾಟಿನ ಹಿಡಿಕೆಯಲ್ಲಿ ಎರಡು. ಬಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ಮೂರು. ಭಾಗ್ಯಾಳ ಸೈಕಲ್ಲಿನ ಗಂಟೆಯಲ್ಲಿ ಎರಡು. ಕೊನೆಯದು, ಅಟ್ಟ ಸೇರಿದ್ದ ಅವಳ ತೊಟ್ಟಿಲಿನ ಕಾಲಿನಲ್ಲಿ.

ಇಂದೂ ಮುಚ್ಚಳದ್ದನ್ನು ಬಿಚ್ಚಿದಳು. ಹಿಡಿ ಕಳಚಿ ಕೈಗೆ ಬಂತು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಬಸವಣ್ಣೆವ್ವ ತಲೆಯೆತ್ತಲಿಲ್ಲ. "ನೀ ಕೈ ಸುಟ್ಕೊಂಡ ದಿನಾನ ಹಚ್ಚಿದ್ರು. ಸೊಸಿಗೆ ಹೇಳಬ್ಯಾಡ, ಆಟಿಗಿ ಬೋಲ್ಟ್ ಹಚ್ಯಾರಂತ ನಗತಾಳ ಅಂದ್ರು."

ಇಂದೂ ನಗಲಿಲ್ಲ. ಬೋಲ್ಟನ್ನು ಮರಳಿ ಮುಚ್ಚಳಕ್ಕೇ ಹಾಕಿ, ಮೊದಲಿಗಿಂತ ಬಿಗಿಯಾಗಿ ತಿರುಗಿಸಿದಳು. ಹುಟ್ಟುಹಬ್ಬದಂದು ಫೋಟೋದ ಮುಂದೆ ತೋಳಿಲ್ಲದ ಕ್ರೇನೇ ನಿಂತಿತು.

ಮರುವಾರ ಅಡುಗೆಮನೆಯ ಕಿಟಕಿಯ ಚಿಲಕ ಜೋತುಬಿತ್ತು. ಬಡಗಿ ಮೂರು ದಿನವೂ "ನಾಳೆ" ಎಂದ. ನಾಲ್ಕನೆಯ ಸಂಜೆ ಭಾಗ್ಯಾ ಕೂಗಿದಳು:

"ಅವ್ವಾ, ಅಜ್ಜನ ಕ್ರೇನಿನ ಗಾಲಿ ಬಿದ್ದದ! ಬೋಲ್ಟ್ ಎಲ್ಲಿ ಹೋತು?"

ಕಿಟಕಿಯ ಬಳಿಯಿದ್ದ ಇಂದೂ ಸ್ಕ್ರೂಡ್ರೈವರನ್ನು ದುಪಟ್ಟಾದಡಿ ಮುಚ್ಚಿಕೊಂಡಳು.

"ಎಲ್ಲೋ ಉಳ್ಳಿ ಹೋಗಿರಬೇಕವಾ."