ಆಚೆ ದಡದ ಭಾಷಣ

“ಸಂಜೆ ಸೀಗಡಿ ಊಟಕ್ಕೆ ಬಾ. ನನ್ನ ಎಡಗಡೆ ನೀನೇ ಕೂತ್ಕೋಬೇಕು,” ಎಂದು ಗುನ್ನೆಲ್ ಬೆಳಿಗ್ಗೆ ಫೋನ್ ಮಾಡಿದ್ದೇ ಸಿಗ್ವಾರ್ಡನ ನೆಮ್ಮದಿಗೆ ಕೊಳ್ಳಿ ಇಟ್ಟಿತು.

ಔತಣ ಕೊಟ್ಟವಳ ಎಡಗಡೆ ಕೂತವನು ಊಟದ ಕೊನೆಗೆ ಎದ್ದು ಧನ್ಯವಾದದ ಭಾಷಣ ಮಾಡಲೇಬೇಕು. ಆ ದ್ವೀಪದಲ್ಲಿ ಇದರಿಂದ ಯಾರಿಗೂ ಬಿಡುಗಡೆಯಿಲ್ಲ. ಸಿಗ್ವಾರ್ಡನೋ, ದ್ವೀಪಕ್ಕೂ ಪೇಟೆಗೂ ನಡುವೆ ಬಿಗಿದ ಹಗ್ಗದ ಗುಂಟ ಜನ, ಲಾರಿಗಳನ್ನು ದಾಟಿಸುವ ದೋಣಿ ನಡೆಸುವವನು. “ಗೇಟು ಹಾಕ್ತೀನಿ”, “ಗೇಟು ತೆಗೀತೀನಿ” ಬಿಟ್ಟರೆ ಅವನ ಬಾಯಿಂದ ಮೂರನೇ ಮಾತು ಕೇಳಿದವರಿಲ್ಲ.

ಆದರೂ ಅವನು ಒಪ್ಪಿಕೊಂಡ. ಗುನ್ನೆಲ್ ಬೇಕರಿ ನಡೆಸುವ ವಿಧವೆ. ಅವಳ ಮುಖ ನೋಡುವ ಆಸೆಗೆ ದಿನಾ ಏಲಕ್ಕಿ ಬನ್ನು ತಿಂದು ತಿಂದು ಸಿಗ್ವಾರ್ಡನ ಅಂಗಿಯ ಗುಂಡಿಗಳು ಸೋತುಹೋಗಿದ್ದವು. ಭಾಷಣದ ನಡುವೆ ‘ನನ್ನನ್ನು ಮದುವೆಯಾಗ್ತೀಯಾ?’ ಎಂದು ಕೇಳಿಯೇಬಿಡುವುದು! ಇವತ್ತು ಬಿಟ್ಟರೆ ಇನ್ನು ಈ ಜನ್ಮದಲ್ಲಿ ಆಗದೆಂದು ಅವನಿಗೆ ಗೊತ್ತಿತ್ತು.

ಮೊದಲ ದೋಣಿಗೇ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ರೂನೆ ಬಂದ. ಸಿಗ್ವಾರ್ಡ್ ಅವನ ಕಿವಿಯಲ್ಲಿ ಗುಟ್ಟು ಹೇಳಿದ. ರೂನೆ ಬಾಯಿ ತೆರೆದ, ಮುಚ್ಚಿದ, ಕೆಮ್ಮಿದ. ಆಮೇಲೆ, “ಶುರು ಗಟ್ಟಿಯಾಗಿರ್ಬೇಕು ಕಣೋ. ಮೊದಲ ಮಾತಿಗೇ ನಗಿಸ್ಬಿಟ್ರೆ ಅರ್ಧ ಗೆದ್ದ ಹಾಗೆ,” ಎಂದ.

“ಸುಳ್ಳು!” ಸೈಕಲ್ ಹಿಡಿದು ನಿಂತಿದ್ದ ನಿವೃತ್ತ ಟೀಚರ್ ಎಲ್ಸಿ ಗದರಿದರು. ಯಾರೂ ಅವರನ್ನು ಕೇಳಿರಲಿಲ್ಲ. “ಶುರು ಯಾರಿಗೆ ನೆನಪಿರತ್ತೆ? ಮುಕ್ತಾಯ ಮುಖ್ಯ. ಕಣ್ಣಲ್ಲಿ ನೀರು ಬರ್ಬೇಕು!”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ರೂನೆಗೆ ಆ ದಿನ ಏನಾಗಿತ್ತೋ, ಕೆಲಸವಿಲ್ಲದಿದ್ದರೂ ಬಾಲ ಸುಟ್ಟ ಬೆಕ್ಕಿನಂತೆ ಆ ದಡಕ್ಕೂ ಈ ದಡಕ್ಕೂ ಓಡಾಡಿದ. ಪ್ರತಿ ಸಲ “ಸಿಗ್ವಾರ್ಡ್, ಅದು...” ಎಂದು ತಡವರಿಸಿ, ಕೊನೆಗೊಂದು ಹೊಸ ಪೀಠಿಕೆ ಕೊಟ್ಟ. ಟೀಚರೂ ಬಿಡಲಿಲ್ಲ, ಮುಕ್ತಾಯವನ್ನು ಕಾಪಿ ತಿದ್ದಿದಂತೆ ತಿದ್ದಿದರು. ದೋಣಿ ಹೊರಟಾಗ ಪೀಠಿಕೆ, ದಡ ಮುಟ್ಟಿದಾಗ ಮುಕ್ತಾಯ. ನಡುವಿನ ಮಾತನ್ನು ಅಭ್ಯಾಸ ಮಾಡೋಣವೆಂದರೆ ಯಾವುದಾದರೂ ಲಾರಿ ಹಾರ್ನ್ ಹೊಡೆಯುತ್ತಿತ್ತು. ಗಾಬರಿಯಲ್ಲಿ ಒಮ್ಮೆ ಅವನು ಗೇಟು ತೆಗೆಯುವ ಬದಲು ಅಂಚೆಯವಳಿಗೆ “ಬಂಧುಗಳೇ!” ಎಂದು ಕೈಮುಗಿದ.

ಸಂಜೆ ಗುನ್ನೆಲ್ ಮನೆಯಲ್ಲಿ ರೂನೆ, ಟೀಚರ್ ಸೇರಿದಂತೆ ಎಲ್ಲರೂ ಸೀಗಡಿ ಊಟದ ಪದ್ಧತಿಯಂತೆ ಬಣ್ಣದ ಕಾಗದದ ಟೋಪಿ ಹಾಕಿಕೊಂಡು ಸೀಗಡಿ ಹೀರಿದರು. ಕೊನೆಗೆ ಸಿಗ್ವಾರ್ಡ್ ಗ್ಲಾಸು ತಟ್ಟಿ ಎದ್ದ.

“ಬಂಧುಗಳೇ, ಹೆದರಬೇಡಿ! ನನ್ನ ದೋಣಿ ಥರಾನೇ ನನ್ನ ಮಾತನ್ನೂ ಹಗ್ಗಕ್ಕೆ ಕಟ್ಟಿದೆ. ದೂರ ಹೋಗಲ್ಲ!”

ಮೇಜು ನಡುಗುವಷ್ಟು ನಗು. ಗುನ್ನೆಲ್ ಅಂತೂ ಕಣ್ಣೊರೆಸಿಕೊಂಡಳು. ಇನ್ನು ನಡುವಿನ ಮಾತು. ಸಿಗ್ವಾರ್ಡ್ ಅವಳತ್ತ ತಿರುಗಿದ. ಎದುರಿಗೆ ಟೀಚರ್ ‘ಹೂಂ, ಹೂಂ’ ಎಂದು ಕೈಸನ್ನೆ ಮಾಡಿದರು. ಇಡೀ ದಿನ ರೂಢಿಯಾದ ನಾಲಿಗೆ ನೆಟ್ಟಗೆ ಆಚೆ ದಡಕ್ಕೆ ಹಾರಿತು.

“ಈ ಕೈಯಡುಗೆ ಉಂಡವನಿಗೆ ಬೇರೆ ದಡ ಬೇಕಿಲ್ಲ. ಗುನ್ನೆಲ್‌ಗೆ ಸ್ಕೋಲ್!”

“ಸ್ಕೋಲ್!” ಎಂದು ಎಲ್ಲರೂ ಶುಭ ಕೋರಿದರು, ಗ್ಲಾಸುಗಳು ಮೇಲೆದ್ದವು. ಭಾಷಣ ಮುಗಿದೇಹೋಯಿತು. ಸಿಗ್ವಾರ್ಡ್ ಕುರ್ಚಿಯ ಮೇಲೆ ಕುಸಿದ. ಅಳು ಬರುವಂತಾಯಿತು.

“ಎಷ್ಟು ಚೆನ್ನಾಗಿ ಮಾತಾಡ್ತೀಯೋ!” ಗುನ್ನೆಲ್ ಅವನ ಕೈ ಹಿಡಿದಳು. ಅವನ ಜೀವ ಮರಳಿತು. “ಇದನ್ನ ನೋಡೋಕೇ ನಿನ್ನನ್ನ ಎಡಗಡೆ ಕೂರಿಸಿದ್ದು. ನಮ್ಮ ಮದುವೆ ಭಾಷಣವೂ ನಿನ್ನದೇ!”

“ನ... ನಮ್ಮ?”

“ನಂದು, ರೂನೇದು! ಹೋದ ವಾರ ಒಲೆ ರಿಪೇರಿಗೆ ಬಂದವನು, ಪೀಠಿಕೆ ಇಲ್ಲ, ಏನಿಲ್ಲ, ‘ಮದುವೆ ಆಗೋಣ್ವಾ?’ ಅಂದ. ‘ಹೂಂ’ ಅಂದೆ.”

ಸಿಗ್ವಾರ್ಡ್ ನಿಧಾನವಾಗಿ ರೂನೆಯ ಕಡೆ ತಿರುಗಿದ. ರೂನೆ ಕಾಗದದ ಟೋಪಿ ತೆಗೆದು ಮಡಿಲಲ್ಲಿ ಹಿಸುಕುತ್ತಿದ್ದ.

“ಬೆಳಿಗ್ಗೆಯಿಂದ ನಿಂಗೆ ಹೇಳ್ಬೇಕು ಅಂತಾನೇ ಓಡಾಡಿದೆ ಕಣೋ,” ಎಂದ. “ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ.”