ಬೀಜದ ಒಪ್ಪಂದಕ್ಕೆ ನಮ್ಮ ತಾಲ್ಲೂಕುಗಳ ತಿದ್ದುಪಡಿ

ಇಂಗ್ಲಿಷ್ ಪಾಠ ಮಾಡುವವನಿಗೆ ನಮ್ಮ ಕಡೆ ಇಂಥವು ತಪ್ಪಿದ್ದಲ್ಲ. ಗೊಬ್ಬರದ ಚೀಲದ ಮೇಲಿನ ಅಕ್ಷರವಿರಲಿ, ಟೀವಿಯ ಗ್ಯಾರಂಟಿ ಕಾರ್ಡಿರಲಿ, ದಾರಿ ತಪ್ಪಿದ ಬಿಳಿಯ ಪ್ರವಾಸಿಯಿರಲಿ, ನೇರ ಪಾಂಡವಪುರದ ನಮ್ಮ ಮನೆ ಬಾಗಿಲಿಗೇ ಬರುತ್ತವೆ. ತೊಂಬತ್ತರ ದಶಕದಲ್ಲಿ ಒಮ್ಮೆ ಇಡೀ ಜಗತ್ತೇ ಬಂತು.

ದೇಶದೇಶಗಳೆಲ್ಲ ಸೇರಿ ಬೀಜದ ಬಗ್ಗೆ ಒಂದು ಒಪ್ಪಂದ ಮಾಡಲು ಹೊರಟಿದ್ದವು. ರೈತ ತಾನು ಬೆಳೆದ ಬೀಜವನ್ನು ಪಕ್ಕದವನಿಗೆ ಕೊಡಬೇಕಾದರೂ ಕಂಪನಿಯ ಅಪ್ಪಣೆ ಬೇಕು ಎಂಬ ಒಂದು ಸಾಲು ಅದರ ಕರಡಿನಲ್ಲಿತ್ತು. ರೈತರ ಅಭಿಪ್ರಾಯ ಕೇಳಲು ಆ ಒಪ್ಪಂದದ ಕಡೆಯಿಂದ ಇಬ್ಬರು ವಿದೇಶಿಯರು ಬಂದರು: ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಒಬ್ಬ ಮುಖ್ಯಸ್ಥ, ಅವನ ಸಹಾಯಕಿ. ಭಾಷಾಂತರಕ್ಕೆ ನಾನು. ಆ ಒಂದು ಸಾಲು ಹೋಗಲೇಬೇಕೆಂದು ನಮ್ಮ ಜನ ಪಟ್ಟು ಹಿಡಿದು ಕೂತಿದ್ದರು. ನಾನೂ ರೈತನ ಮಗನೇ, ನನಗೂ ಅದೇ ಆಸೆ.

ನಲವತ್ತು ಚೀಟಿ

ಮೊದಲ ಸಭೆ ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ. ಸಹಾಯಕಿ ನಲವತ್ತು ರೈತರಿಗೆ ನಲವತ್ತು ಬಣ್ಣದ ಚೀಟಿ ಹಂಚಿ, "ಒಬ್ಬರನ್ನೊಬ್ಬರು ಕೇಳದೆ ನಿಮ್ಮ ನಿಮ್ಮ ಅಭಿಪ್ರಾಯ ಬರೆಯಿರಿ, ಅರ್ಧ ಗಂಟೆ ಸಾಕು" ಎಂದಳು. ನಲವತ್ತು ಜನವೂ ಎದ್ದು ಹೊಂಗೆಮರದ ಕೆಳಗೆ ಹೋದರು. ಕೂಗಾಟ ಶುರುವಾಯಿತು. ಇಬ್ಬರು ಟವಲ್ ಕೊಡವಿ ಎದ್ದುಹೋದರು, ಅವರನ್ನು ಎಳೆದು ತಂದು ಕೂರಿಸಿದರು. ಮೂರು ಗಂಟೆಯಾದ ಮೇಲೆ ಬಂದದ್ದು ಒಂದೇ ಚೀಟಿ: "ಆ ಸಾಲು ಬೇಡ." ಉಳಿದ ಮೂವತ್ತೊಂಬತ್ತನ್ನು ಜೋಡಿಸಿ ವಾಪಸ್ಸು ಕೊಟ್ಟರು.

ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಬೇಕಿತ್ತಲ್ಲ ಎಂದು ಆಕೆ ಪೇಚಾಡಿದಳು. ಊರಿನ ಯಜಮಾನರು ನನ್ನ ಕಡೆ ತಿರುಗಿದರು. "ಆಯಮ್ಮಂಗೆ ಯೋಳಿ ಮೇಷ್ಟ್ರೇ. ನಲವತ್ತು ಮಾತು ನಮ್ತಾವ ಮೊದ್ಲೇ ಇದ್ವು. ಒಂದ್ ಮಾಡಕ್ಕೆ ಮೂರು ಗಂಟೆ ಇಡೀತು. ತಿರ್ಗಾ ನಲವತ್ ಮಾಡಿ ಅಂದ್ರೆ ಮಾಡ್ತೀವಿ ಬುಡಿ, ಅದೇನ್ ಕಷ್ಟ ಅಲ್ಲ. ಒಂದು ನಿಮಿಷ ಸಾಕು!"

ಐದು ನಿಮಿಷದ ಗಂಟೆ

ಮುಂದಿನದು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. ಸಭೆ ದೇವಸ್ಥಾನದ ಎದುರಿಗೆ. ಒಬ್ಬರಿಗೆ ಐದೇ ನಿಮಿಷ, ಮುಗಿದರೆ ಗಂಟೆ ಬಾರಿಸುವುದು ಎಂದು ಮುಖ್ಯಸ್ಥ ಒಂದು ಹಿತ್ತಾಳೆ ಗಂಟೆ ತಂದಿದ್ದ.

ಮೊದಲು ಎದ್ದ ಮುದುಕಪ್ಪ ಬೀಜದ ಕಥೆಯನ್ನು ತನ್ನ ಮುತ್ತಜ್ಜನಿಂದ ಶುರುಮಾಡಿದ. ಅಜ್ಜನ ಮದುವೆಗೆ ಬರುವಷ್ಟರಲ್ಲಿ ಮುಖ್ಯಸ್ಥ ಗಂಟೆ ಬಾರಿಸಿದ. ತಕ್ಷಣ ಇಡೀ ಸಭೆ ಎದ್ದು ದೇವಸ್ಥಾನದ ಕಡೆ ತಿರುಗಿ, ಕೈಮುಗಿದು, ಕೆನ್ನೆ ಬಡಿದುಕೊಂಡಿತು. ಮುದುಕಪ್ಪನೂ ಕೈಮುಗಿದ. ಆಮೇಲೆ ಆರಾಮವಾಗಿ, "ಅಂಗೆ ನಮ್ಮಜ್ಜನ ಮದ್ವೆ ದಿವ್ಸ..." ಎಂದು ಮುಂದುವರಿಸಿದ. ಮತ್ತೆರಡು ಸಲ ಬಾರಿಸಿದಾಗಲೂ ಅದೇ ಆಯಿತು. ನಾಲ್ಕನೆಯ ಸಲ ಮುಖ್ಯಸ್ಥ ಗಂಟೆಯನ್ನು ಚೀಲಕ್ಕೆ ಹಾಕಿದ. ಮುದುಕಪ್ಪ ನನ್ನ ಕಿವಿಯಲ್ಲಿ, "ಬಿಳೀ ಜನ ಆದ್ರೂ ಬಲೇ ಭಕ್ತಿ ಕಣಪ್ಪಾ" ಅಂದ.

ಎಲೆ ಅಡಿಕೆ

ಕೊನೆಯ ಸಭೆ ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಲ್ಲಿ. ಮಾತೆಲ್ಲ ಆದ ಮೇಲೆ ಒಬ್ಬ ಅಜ್ಜಿ ಎದ್ದು ನಿಂತಳು. ಅವಳ ಬೀದಿಯ ಅರ್ಧ ಮನೆಗಳಿಗೆ ಭತ್ತದ ಬೀಜ ಹೋಗುವುದು ಅವಳ ಮನೆಯಿಂದಲೇ. "ಆ ಸಾಲು ತೆಗೀತಾನೋ ಇಲ್ವೋ ಕೇಳು" ಅಂದಳು. ಕೇಳಿದೆ. ಪರಿಶೀಲಿಸುತ್ತೇವೆ ಎಂದ ಮುಖ್ಯಸ್ಥ. ಈ ಮಾತನ್ನು ತಾಲ್ಲೂಕು ಆಫೀಸಿನಲ್ಲಿ ಬೇಕಾದಷ್ಟು ಕೇಳಿದ್ದ ನಮ್ಮ ಜನರ ಮುಖ ಸಪ್ಪಗಾಯಿತು.

ಅಜ್ಜಿ ಎಲೆ ಅಡಿಕೆ ತಟ್ಟೆ ತಂದು ಅವನ ಮುಂದೆ ಹಿಡಿದಳು. ನಮ್ಮ ಕಡೆ ಪಂಚಾಯ್ತಿ ಮುಗಿದ ಮೇಲೆ ತಟ್ಟೆಯಿಂದ ಎಲೆ ತೆಗೆದುಕೊಂಡವನು ಎದುರಿನವರ ಮಾತು ಒಪ್ಪಿದಂತೆ, ಮತ್ತೆ ತಪ್ಪುವಂತಿಲ್ಲ. ಇದನ್ನು ಅವನಿಗೆ ಹೇಳುವುದು ಭಾಷಾಂತರಕಾರನ ಧರ್ಮ. ನಾನು ಹೇಳಲಿಲ್ಲ.

ಅವನು ನಗುತ್ತ ತೆಗೆದುಕೊಂಡು ಬಾಯಿಗೆ ಹಾಕಿ ಅಗಿದ. ಚಪ್ಪಾಳೆಯೋ ಚಪ್ಪಾಳೆ! ಏಕೆಂದು ಕೇಳಿದ. ಆಗ ಹೇಳಿದೆ. ಕೆಂಪು ತುಟಿಯ ಮೇಲಿನ ಮುಖ ಬೆಳ್ಳಗಾಯಿತು. "ನನಗೆ ಅಷ್ಟು ಅಧಿಕಾರವಿಲ್ಲ!" ಎಂದ. ಅಜ್ಜಿಯ ಉತ್ತರ ಸಿದ್ಧವಾಗಿತ್ತು. "ಅಧಿಕಾರ ಇಲ್ದೋನು ಎಲೆ ಯಾಕ್ ತಗಂಡ? ಆಯ್ತು, ಅವನ ಕೈಲಿ ಏನಾಯ್ತದೋ ಅಷ್ಟು ಮಾಡ್ಲಿ."

ಅವನು ಎಲೆಯನ್ನು ಅಗಿದು ಮುಗಿಸಿದ. ಆಮೇಲೆ ವರದಿಯ ಪುಸ್ತಕ ತೆಗೆದು ಬರೆದ: ಬೀಜ ಹಂಚಿಕೊಳ್ಳಲು ರೈತರಿಗೆ ಯಾರ ಅಪ್ಪಣೆಯೂ ಬೇಡ, ಈ ಸಾಲನ್ನು ತೆಗೆಯಲು ಶಿಫಾರಸು ಮಾಡುವುದಾಗಿ ನಾನು ಮಾತು ಕೊಟ್ಟಿದ್ದೇನೆ. ಸಹಿ ಹಾಕಿದ. ನಾನು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಓದಿ ಹೇಳಿದೆ. ಹೋಗುವಾಗ ಪಾಪ, ಅವನು ಒಂದು ಎಚ್ಚರಿಕೆಯನ್ನೂ ಹೇಳಿದ: "ನಾನೊಬ್ಬ ಒಪ್ಪಿದರೆ ಸಾಲದು. ಅಲ್ಲಿ ನೂರಾರು ದೇಶದವರು ಒಪ್ಪಬೇಕು."

ಅಜ್ಜಿಗೆ ಅದನ್ನೂ ಕನ್ನಡ ಮಾಡಿದೆ. ಅವಳು ಪಂಚಾಯ್ತಿ ಅಧ್ಯಕ್ಷರ ಕಡೆ ತಿರುಗಿದಳು. "ಏನ್ಲಾ ನಿಂತ್ಕಂಡು ನೋಡ್ತಿದ್ದೀಯೆ? ದೇಶಕ್ಕೆ ಎರಡೆರಡು ಎಲೆ ಲೆಕ್ಕ ಆಕಿ, ಕಟ್ಟು ಕಟ್ಟಿ ಇವನ ಕಾರಲ್ಲಿ ಮಡುಗ್ಲಾ!"